ನಿಮಿಷಕ್ಕೆ 500 ಅಡಿ ಏರುವ ವಿಮಾನಕ್ಕೆ ಮೈಲಿಗೆ 340 ಅಡಿ ಸಾಧ್ಯವೇ?

ಪ್ರಶ್ನೆ:
ಅಮೆರಿಕದ ಚಿಕ್ಕ ವಿಮಾನ ನಿಲ್ದಾಣವೊಂದರಿಂದ ಐಎಫ್‌ಆರ್‌ನಲ್ಲಿ (ಉಪಕರಣ ನೋಡಿ ಹಾರುವ ನಿಯಮದಡಿ) ಹೊರಡಬೇಕು. ಎಸ್‌ಐಡಿ (ಎಟಿಸಿ ಕೊಡುವ ನಿಗದಿತ ನಿರ್ಗಮನ ದಾರಿ) ಇಲ್ಲ, ಒಡಿಪಿ (ಗುಡ್ಡ, ಗೋಪುರದಂಥ ಅಡೆತಡೆ ತಪ್ಪಿಸಿ ಹೊರಡುವ ದಾರಿ) ಮಾತ್ರ ಇದೆ. ಎಟಿಸಿ ಅಂದರೆ ವಿಮಾನ ಸಂಚಾರ ನಿಯಂತ್ರಣದವರು. 3,500 ಅಡಿ ತನಕ ನಾಟಿಕಲ್ ಮೈಲಿಗೆ ಕನಿಷ್ಠ 340 ಅಡಿ ಏರಬೇಕು ಅಂತ ಬರೆದಿದ್ದಾರೆ. ಆ ದಿನದ ಬಿಸಿಲು, ತೂಕ ಎಲ್ಲ ಹಾಕಿ ನೋಡಿದರೆ ನನ್ನ ಸಿಂಗಲ್ ಎಂಜಿನ್ ವಿಮಾನ ನಿಮಿಷಕ್ಕೆ 500 ಅಡಿ ಏರುತ್ತದೆ, ಟ್ರೂ ಏರ್‌ಸ್ಪೀಡ್ (ಸುತ್ತಲಿನ ಗಾಳಿಗೆ ಹೋಲಿಸಿದ ನಿಜ ವೇಗ) 90 ನಾಟ್, ಅಂದರೆ ಗಂಟೆಗೆ 90 ನಾಟಿಕಲ್ ಮೈಲಿ. 340ಕ್ಕಿಂತ 500 ಜಾಸ್ತಿ, ಸಾಕಲ್ವಾ? ಇನ್ನೊಂದು, ಎಟಿಸಿ ಒಡಿಪಿ ಹೆಸರೇ ಎತ್ತದಿದ್ದರೂ ಅದನ್ನೇ ಹಾರಬಹುದಾ?

ಉತ್ತರ:
ಸಾಕಾಗುವುದಿಲ್ಲ. ಒಂದು ಮೈಲಿಯ ಲೆಕ್ಕ, ಇನ್ನೊಂದು ನಿಮಿಷದ ಲೆಕ್ಕ. ಗ್ರೌಂಡ್‌ಸ್ಪೀಡನ್ನು (ನೆಲಕ್ಕೆ ಹೋಲಿಸಿದ ವೇಗ) 60ರಿಂದ ಭಾಗಿಸಿ 340ರಿಂದ ಗುಣಿಸಿ. ಗಾಳಿಯೇ ಇಲ್ಲದಿದ್ದರೂ ನಿಮಿಷಕ್ಕೆ 510 ಅಡಿ ಬೇಕು. ಹಿಂದಿನಿಂದ 15 ನಾಟ್ ಗಾಳಿ ಬಂದರೆ 595. ಟೇಕಾಫ್ ಎದುರು ಗಾಳಿಯಲ್ಲೇ ಆದರೂ ಒಡಿಪಿಯಲ್ಲಿ ತಿರುವು ಇದ್ದರೆ ಅದೇ ಗಾಳಿ ಬೆನ್ನಿಗೆ ಬರುತ್ತದೆ, ಇದನ್ನು ದಯವಿಟ್ಟು ಮರೆಯಬೇಡಿ. ಕೈಪಿಡಿಯ ಅಂಕಿ ಹೊಸ ವಿಮಾನದ್ದು, ಮೇಲೆ ಹೋದಂತೆ ಏರಿಕೆ ಕಡಿಮೆಯಾಗುತ್ತದೆ, ಹಾಗಾಗಿ 3,500 ಅಡಿಯಲ್ಲಿ ಎಷ್ಟು ಸಿಗುತ್ತದೋ ಅದನ್ನೇ ಹಿಡಿಯಿರಿ.

ಎಷ್ಟು ಏರಬೇಕು ಅಂತ ಏನೂ ಬರೆಯದಿದ್ದಾಗ ಲೆಕ್ಕ ಮೈಲಿಗೆ 200 ಅಡಿ. ರನ್‌ವೇ ತುದಿಯನ್ನು 35 ಅಡಿ ಎತ್ತರದಲ್ಲಿ ದಾಟಿ, 400 ಅಡಿ ಆದ ಮೇಲೆ ತಿರುಗುತ್ತೀರಿ ಅಂತ ಇಟ್ಟುಕೊಂಡಿರುತ್ತಾರೆ. ಅಡೆತಡೆಗಳು ಇದಕ್ಕಿಂತ ಮೇಲೆ ಬರಬಾರದು ಅಂತ ನೋಡುವ ಓರೆ ಮಟ್ಟ ಮೈಲಿಗೆ 152 ಅಡಿಯಂತೆ ಏರುತ್ತದೆ. ನಡುವೆ ಉಳಿಯುವುದು ಮೈಲಿಗೆ ಬರೀ 48 ಅಡಿ, ರನ್‌ವೇ ಹತ್ತಿರ ಅದೂ ಇಲ್ಲದಷ್ಟು ಕಡಿಮೆ.

ಎರಡನೆಯದಕ್ಕೆ: ಹಾರಬಹುದು. ಎಟಿಸಿ ಬೇರೆ ಎಸ್‌ಐಡಿಯನ್ನೋ ವೆಕ್ಟರನ್ನೋ (ರಾಡಾರ್ ನೋಡಿ ಹೇಳುವ ದಿಕ್ಕು) ಕೊಡದಿದ್ದರೆ ಒಡಿಪಿಗೆ ಅನುಮತಿ ಬೇಡ. ಆದರೆ ಅದನ್ನೇ ಹಾರುತ್ತೇನೆ ಅಂತ ಮೊದಲೇ ಹೇಳಿಬಿಡಿ. ಎಟಿಸಿಯವರು ‘ರಾಡಾರ್ ಕಾಂಟ್ಯಾಕ್ಟ್’ (ರಾಡಾರ್‌ನಲ್ಲಿ ಕಾಣುತ್ತಿದ್ದೀರಿ) ಅಂದ ಮಾತ್ರಕ್ಕೆ ಗುಡ್ಡ ತಪ್ಪಿಸುವ ಹೊಣೆ ಅವರದಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ನಿಧಾನ ಹಾರಿದರೆ? 75 ನಾಟ್‌ಗೆ 425 ಸಾಕು.

ಉತ್ತರ:
ಲೆಕ್ಕ ಸರಿ. ಆದರೆ 75ರಲ್ಲಿ ವಿಮಾನ ನಿಜಕ್ಕೂ ಎಷ್ಟು ಏರುತ್ತದೆ ಅಂತ ಬೇರೆಯಾಗಿ ನೋಡಬೇಕು, 500 ಅಂತ ಸುಮ್ನೆ ಹಾಕಿಕೊಳ್ಳಬೇಡಿ. ಬಿಸಿಲಲ್ಲಿ ಅಷ್ಟು ಹೊತ್ತು ಮೂಗೆತ್ತಿ ಹಾರಿದರೆ ಎಂಜಿನ್ ಬಿಸಿಯಾಗುತ್ತದೆ. ನಾನಾದರೆ ಇಂಧನ ಕಡಿಮೆ ಮಾಡಿ ಬೆಳಗ್ಗೆ ತಂಪಲ್ಲಿ ಹೊರಡುತ್ತೇನೆ. ಅದೇ ಹಾಳೆಯಲ್ಲಿ ವಿಸಿಒಎ (ನಿಲ್ದಾಣದ ಮೇಲೆ ಕಣ್ಣಳತೆಯಲ್ಲಿ ಏರುವ ವಿಧಾನ) ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಹೇಳಿದಷ್ಟು ಸೀಲಿಂಗ್ (ಮೋಡದ ತಳದ ಎತ್ತರ), ವಿಸಿಬಿಲಿಟಿ (ಕಣ್ಣಿಗೆ ಕಾಣುವ ದೂರ) ಇದ್ದರೆ, ಹೊರಡುವ ಮುಂಚೆ ಎಟಿಸಿಗೆ ತಿಳಿಸಿ, ನಿಲ್ದಾಣದ ಮೇಲೆಯೇ ಕಣ್ಣಿಗೆ ಕಾಣುವಂತೆ ಸುತ್ತುತ್ತಾ ಬರೆದ ಎತ್ತರಕ್ಕೆ ಏರಿ, ಆಮೇಲೆ ದಾರಿ ಹಿಡಿಯಬಹುದು.