ಬೋರ್‌ವೆಲ್ ನೀರು, ತಣಿಯದ ಆಯಿಲ್: ದೊಡ್ಡ ಕೂಲರ್ ಬೇಕಾ?

ವೇಮಗಲ್‌ನಿಂದ ಪ್ರಶ್ನೆ: ನಮ್ಮದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪ್. ಕ್ವೆಂಚ್ ಆಯಿಲ್ (ಕಾದ ಪಾರ್ಟ್ ಅದ್ದುವ ಎಣ್ಣೆ) ತಣಿಸಲು ಶೆಲ್ ಅಂಡ್ ಟ್ಯೂಬ್ ಕೂಲರ್ (ದೊಡ್ಡ ಸಿಲಿಂಡರ್ ಒಳಗೆ ಟ್ಯೂಬ್‌ಗಳ ಕಟ್ಟು) ಇದೆ. 19 ಮಿ.ಮೀ.ನ 100 ಟ್ಯೂಬ್, 2 ಮೀಟರ್ ಉದ್ದ, 2 ಪಾಸ್ (ನೀರು ಒಮ್ಮೆ ಹೋಗಿ ತಿರುಗಿ ಬರುತ್ತದೆ), ಶಾಖ ದಾಟುವ ಏರಿಯಾ 12 ಚದರ ಮೀಟರ್. ಟ್ಯೂಬ್ ಒಳಗೆ ನೀರು, ಶೆಲ್‌ನಲ್ಲಿ ಆಯಿಲ್. ಹೊಸದರಲ್ಲಿ ಆಯಿಲ್ 80ರಿಂದ 56 ಡಿಗ್ರಿಗೆ ಇಳಿಯುತ್ತಿತ್ತು, ಈಗ 60ಕ್ಕೇ ನಿಲ್ಲುತ್ತದೆ. ನೀರು ಗಂಟೆಗೆ 10 ಘನ ಮೀಟರ್, 32ಕ್ಕೆ ಹೋಗಿ 40ಕ್ಕೆ ಬರುತ್ತದೆ. ಸಪ್ಲೈಯರ್ 16 ಚದರ ಮೀಟರ್‌ದು ಹಾಕಿಸಿ ಅನ್ನುತ್ತಾರೆ. ಹಾಕಿಸಲಾ?

ಮಾಲೂರಿನಿಂದ: ದುಡ್ಡು ಬಿಚ್ಚುವ ಮುಂಚೆ ಇರುವುದನ್ನೇ ರೇಟಿಂಗ್ ಮಾಡಿ ಸರ್, ಅಂದರೆ ಅದು ಈಗ ಎಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕಿ. ನೀರಿನ ಲೆಕ್ಕದಲ್ಲಿ ಶಾಖ ಸುಮಾರು 93 ಕಿಲೋವ್ಯಾಟ್. ಒಂದು ತುದಿಯಲ್ಲಿ ಅಂತರ 40 ಡಿಗ್ರಿ, ಇನ್ನೊಂದರಲ್ಲಿ 28, ಎಲ್‌ಎಂಟಿಡಿ (ಎರಡರ ಲಾಗ್ ಸರಾಸರಿ) 33.6. ಎರಡು ಪಾಸ್ ಇರುವುದರಿಂದ 0.97ರಿಂದ ಗುಣಿಸಿ. ಶಾಖವನ್ನು ಏರಿಯಾದಿಂದಲೂ ಈ ಅಂತರದಿಂದಲೂ ಭಾಗಿಸಿದರೆ ಯು ಬೆಲೆ (ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಅಳತೆ) ಸುಮಾರು 238. ಆಯಿಲ್ ಫ್ಲೋ ಬದಲಾಗಿಲ್ಲ ಅಂದುಕೊಂಡು ಹೊಸದರ ರೀಡಿಂಗ್‌ಗೂ ಇದೇ ಲೆಕ್ಕ ಹಾಕಿದೆ, 317 ಬಂತು. ಎರಡರ ತಲೆಕೆಳಗು ಬೆಲೆಗಳನ್ನು ಕಳೆದರೆ ಫೌಲಿಂಗ್ (ಕೂತ ಪೊರೆ ಶಾಖಕ್ಕೆ ಒಡ್ಡುವ ತಡೆ) 0.001. ಗಡಸು ನೀರಿಗೆ ಟೆಮಾ (ಇಂಥ ಕೂಲರ್ ತಯಾರಕರ ಸಂಘ) ಪಟ್ಟಿ ಕೊಡುವುದೇ 0.0005ರ ಆಸುಪಾಸು. ನಿಮ್ಮಲ್ಲಿ ಅದರ ದುಪ್ಪಟ್ಟು ಕೂತಿದೆ. ಸ್ವಲ್ಪ ಆಯಿಲ್ ಕಡೆಯ ಜಿಡ್ಡೂ ಇರಬಹುದು. ಏರಿಯಾ ಸಾಲದೆ ಆಗಿದ್ದಲ್ಲ ಇದು.

ನರಸಾಪುರದಿಂದ: ಮೇಲಿನ ಲೆಕ್ಕ ಸರಿ, ಆದರೆ ಇಷ್ಟು ಯಾಕೆ ಕೂತಿತು ಅಂತಲೂ ನೋಡಬೇಕಲ್ವಾ? ಪಾಸ್‌ಗೆ 50 ಟ್ಯೂಬ್, ಒಳವ್ಯಾಸ 15.75 ಮಿ.ಮೀ. ಅಂದುಕೊಳ್ಳಿ. ನೀರಿನ ವೇಗ ಸೆಕೆಂಡಿಗೆ 0.3 ಮೀಟರ್ ಕೂಡ ಇಲ್ಲ! 1 ಮೀಟರ್ ಆದರೂ ಬೇಕು. ನಮ್ಮ ಕೋಲಾರದ ಬೋರ್ ನೀರು ಗೊತ್ತೇ ಇದೆ, ಬಕೆಟ್‌ನಲ್ಲೂ ಬಿಳಿ ಪೊರೆ ಕಟ್ಟುತ್ತದೆ. ಈ ಸುಣ್ಣ ಬೇರೆ ಉಪ್ಪುಗಳ ಹಾಗಲ್ಲ, ಬಿಸಿಯಾದಷ್ಟೂ ಕರಗುವುದು ಕಮ್ಮಿ. ಹಾಗಾಗಿ ಬಿಸಿ ಟ್ಯೂಬ್ ಗೋಡೆಗೇ ಹೋಗಿ ಹಿಡಿಯುತ್ತದೆ. ಅದೇ ಉದ್ದದಲ್ಲಿ 16 ಚದರ ಮೀಟರ್ ಅಂದರೆ ಟ್ಯೂಬ್ ಇನ್ನೂ ಜಾಸ್ತಿ, ನೀರು ಇನ್ನೂ ನಿಧಾನ, ಸುಣ್ಣ ಇನ್ನೂ ಬೇಗ. ಸಪ್ಲೈಯರ್‌ಗೆ ಅದು ಮತ್ತೊಂದು ಆರ್ಡರ್, ಅಷ್ಟೇ.

ನಾನಾಗಿದ್ದರೆ ಚಾನಲ್‌ನಲ್ಲಿ (ತುದಿಯ ನೀರಿನ ಪೆಟ್ಟಿಗೆ) ಪಾರ್ಟಿಷನ್ ಬದಲಿಸಿ 4 ಪಾಸ್ ಮಾಡುತ್ತಿದ್ದೆ, ವೇಗ 0.57 ಆಗುತ್ತದೆ. ಫ್ಲೋ 18 ಘನ ಮೀಟರ್‌ಗೆ ಏರಿಸಿದರೆ 1 ಮೀಟರ್ ಮುಟ್ಟುತ್ತದೆ, ನೀರು ಹೊರಬರುವ ತಾಪವೂ ಇಳಿಯುತ್ತದೆ. ಟ್ಯೂಬ್‌ಶೀಟ್‌ನಲ್ಲಿ (ಟ್ಯೂಬ್ ತುದಿಗಳನ್ನು ಕೂರಿಸಿದ ತಟ್ಟೆ) ಪಾರ್ಟಿಷನ್‌ಗೆ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಆ ಸಾಲಿನ ಟ್ಯೂಬ್‌ಗಳಿಗೆ ಪ್ಲಗ್ ಹೊಡೆಯಬೇಕಾಗುತ್ತದೆ. ಪಂಪ್, ಕೂಲಿಂಗ್ ಟವರ್ ತಡೆಯುತ್ತವಾ ಅನ್ನುವುದನ್ನೂ ನೋಡಿಕೊಳ್ಳಿ.

ಚಿಂತಾಮಣಿಯಿಂದ: ಮೊದಲು ಸಲ್ಫಾಮಿಕ್ ಆಸಿಡ್ ಸುತ್ತಿಸಿ, ಆಮೇಲೆ ನೈಲಾನ್ ಬ್ರಷ್. ಟ್ಯೂಬ್ ಸ್ಟೇನ್‌ಲೆಸ್ ಆಗಿದ್ದರೆ ಹೈಡ್ರೋಕ್ಲೋರಿಕ್ ಹತ್ತಿರಕ್ಕೂ ತರಬೇಡಿ. ಮುಂದೆ ಯಾರಾದರೂ ಅಗ್ಗ ಅಂತ ಯು-ಟ್ಯೂಬ್ ತೋರಿಸಿದರೆ ಸುಮ್ನೆ ಬೇಡ ಅನ್ನಿ. ಆ ಬಾಗಿನಲ್ಲಿ ಬ್ರಷ್ ಓಡುವುದಿಲ್ಲ.

ತುಮಕೂರಿನಿಂದ: ಎಲ್ಲರೂ ಶಾಖದ್ದೇ ಮಾತಾಡಿದಿರಿ. ಇದು ಕ್ವೆಂಚ್ ಆಯಿಲ್ ಸ್ವಾಮಿ! ಟ್ಯೂಬ್ ತೂತು ಬಿದ್ದಾಗ ನೀರಿನ ಒತ್ತಡ ಜಾಸ್ತಿ ಇದ್ದರೆ ನೀರು ಆಯಿಲ್‌ಗೆ ಸೇರುತ್ತದೆ. ಕೆಂಪಗೆ ಕಾದ ಪಾರ್ಟ್ ಇಳಿಸಿದ ಕೂಡಲೇ ಆ ನೀರು ಹಬೆಯಾಗಿ ಆಯಿಲ್ ಉಕ್ಕಿ ಹರಿಯುತ್ತದೆ, ಬೆಂಕಿ ಹತ್ತುತ್ತದೆ. ಆಯಿಲ್ ಒತ್ತಡ ಯಾವಾಗಲೂ ನೀರಿಗಿಂತ ಮೇಲಿರಬೇಕು. ನಿಲ್ಲಿಸುವಾಗ ಮೊದಲು ನೀರಿನ ಪಂಪ್ ಆಫ್. ಪಂಪ್ ದೊಡ್ಡದು ಮಾಡುವ ಮುಂಚೆ ಎರಡೂ ಕಡೆ ಗೇಜ್ ಓದಿ.

ವೇಮಗಲ್‌ನಿಂದ: ಆಯಿಲ್ ಕಡೆ ಗೇಜೇ ಇಲ್ಲ ಸರ್. ಮೊದಲು ಅದನ್ನು ಹಾಕಿಸುತ್ತೇನೆ. ಆಸಿಡ್ ಹಾಕಿದ ಮೇಲಿನ ರೀಡಿಂಗ್ ಇಲ್ಲೇ ತಿಳಿಸುತ್ತೇನೆ, 16ರ ಕೊಟೇಶನ್ ಸದ್ಯಕ್ಕೆ ಡ್ರಾಯರ್‌ನಲ್ಲಿರಲಿ.