ಸಹಾಯ ಬೇಕು: ಕಮೀಲಿಯನ್ಸ್ ಬ್ಯಾಂಡಿನ 12 ಹಾಡಿನ ಎಲ್‌ಪಿ ಎಲ್ಲಿ ಸಿಗುತ್ತೆ?

ಗೆಳೆಯರೇ, ಎಂಬತ್ತರ ದಶಕದ ಗಾಥ್, ನ್ಯೂ ವೇವ್ ಥರದ ರಾಕ್ ಸಂಗೀತ ಕೇಳುವವರು ಇದ್ದೀರಾ? ಮ್ಯಾಂಚೆಸ್ಟರ್ ಪಕ್ಕದ ಮಿಡಲ್‌ಟನ್‌ನವರು ದಿ ಕಮೀಲಿಯನ್ಸ್. ಅವರ ಮೊದಲ ಆಲ್ಬಂ 'ಸ್ಕ್ರಿಪ್ಟ್ ಆಫ್ ದಿ ಬ್ರಿಡ್ಜ್', 1983ರದ್ದು. ಈಚೆಗೆ ಮತ್ತೆ ಅದರ ಗುಂಗು ಹಿಡಿದಿದೆ. ಕ್ಯೂರ್, ಜಾಯ್ ಡಿವಿಷನ್ ಹೆಸರು ಎಲ್ಲರ ಬಾಯಲ್ಲೂ ಇದೆ, ಇವರನ್ನು ಕೇಳಿದವರೇ ಕಡಿಮೆ. ಅನ್ಯಾಯ ಅಲ್ವಾ?

ಹೆಡ್‌ಫೋನ್ ಹಾಕಿಕೊಂಡು ಅದರಲ್ಲಿರುವ 'ಸೆಕೆಂಡ್ ಸ್ಕಿನ್' ಹಾಡು ಕೇಳಿ. ರೆಜ್ ಸ್ಮಿದೀಸ್, ಡೇವ್ ಫೀಲ್ಡಿಂಗ್ ಇಬ್ಬರೂ ಗಿಟಾರ್. ಒಬ್ಬರು ನುಡಿಸಿದ್ದನ್ನೇ ಇನ್ನೊಬ್ಬರು ನುಡಿಸಲ್ಲ. ಒಂದರ ಎಕೋ ಒಳಗೇ ಇನ್ನೊಂದು ಹೆಣೆದುಕೊಂಡು ಹೋಗುತ್ತೆ. ಅದರ ಮೇಲೆ ಮಾರ್ಕ್ ಬರ್ಜೆಸ್ ದನಿ. ನನಗಂತೂ ಇದು ಆ ಕಾಲದ ದೊಡ್ಡ ಹೆಸರುಗಳಿಗೆ ಸರಿಸಮ.

ಈಗ ವಿಷಯ. ಈ ಆಲ್ಬಂನ ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ಹುಡುಕ್ತಿದ್ದೀನಿ. ಅಮೆರಿಕದಲ್ಲಿ ಎಂಸಿಎ ಕಂಪನಿ ನಾಲ್ಕು ಹಾಡು ಕತ್ತರಿಸಿ, ಕವರ್ ಕೂಡ ಬದಲಾಯಿಸಿ ಇದನ್ನು ಬಿಡುಗಡೆ ಮಾಡಿತ್ತು. ಅದು ಬೇಡ. ಬ್ರಿಟನ್ನಿನ ಸ್ಟ್ಯಾಟಿಕ್ ಲೇಬಲ್ಲಿನ, ಸ್ಮಿದೀಸ್ ಅವರೇ ಬರೆದ ಚಿತ್ರದ ಕವರ್ ಇರುವ, ಪೂರ್ತಿ 12 ಹಾಡಿನದ್ದು ಬೇಕು. ಹಳೆಯದಾದರೂ ಪರವಾಗಿಲ್ಲ, ಗೀರು ಜಾಸ್ತಿ ಇರಬಾರದು ಅಷ್ಟೇ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ವಿಚಾರಿಸಿ ಹೇಳ್ತೀರಾ? ಎಷ್ಟು ಬೆಲೆಗೆ ಕೊಳ್ಳಬಹುದು? ಊರಿಗೆ ಬರುವಾಗ ತಂದುಕೊಟ್ಟರೆ ದುಡ್ಡು ಮುಂಚೆಯೇ ಕಳಿಸ್ತೀನಿ.