ಹಸಿವು ನೋಡಿ ಉಣ್ಣಲು ಹೊರಟರೆ ಹಸಿವೇ ತಿಳಿಯುತ್ತಿಲ್ಲ

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿನಿ):
ನನಗೆ 21 ವರ್ಷ, ಪಿಜಿಯಲ್ಲಿದ್ದುಕೊಂಡು ಎಂ.ಎಸ್ಸಿ. ಓದುತ್ತಿದ್ದೇನೆ. ಎರಡು ವರ್ಷ ಮೊಬೈಲ್ ಆ್ಯಪ್ ನೋಡಿಕೊಂಡು ದಿನಕ್ಕೆ 1,200 ಕ್ಯಾಲರಿಯ ಮಿತಿ ಹಾಕಿಕೊಂಡು, ಅನ್ನವನ್ನು ಪೂರ್ತಿ ಬಿಟ್ಟು, ತಿಂದ ಒಂದೊಂದು ದೋಸೆಯನ್ನೂ ಬರೆದಿಡುತ್ತಿದ್ದೆ. ಕಳೆದ ತಿಂಗಳು ಅದನ್ನೆಲ್ಲ ಬಿಟ್ಟು, ಹಸಿದಾಗ ಉಂಡು ಹೊಟ್ಟೆ ತುಂಬಿದಾಗ ನಿಲ್ಲಿಸುವ ‘ಇಂಟ್ಯೂಟಿವ್ ಈಟಿಂಗ್’ ಪದ್ಧತಿಯನ್ನು ಹಿಡಿದೆ. ಆದರೆ ಹಗಲಿಡೀ ಹಸಿವೇ ಗೊತ್ತಾಗುವುದಿಲ್ಲ; ರಾತ್ರಿ ಹನ್ನೊಂದಕ್ಕೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಅದು ಖಾಲಿಯಾಗುವವರೆಗೂ ಕೈ ನಿಲ್ಲುವುದಿಲ್ಲ. ಊರಿಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಸೋದರತ್ತೆ, ‘ಮೈ ಬಂದಿದೆಯಲ್ಲೇ, ಇನ್ನು ಗಂಡು ನೋಡುವುದು ಹೇಗೆ?’ ಎನ್ನುತ್ತಾರೆ. ಈ ಪದ್ಧತಿ ನನ್ನಂಥವರಿಗೆ ಹೊಂದುವುದಿಲ್ಲವೇ?

ಉತ್ತರ 1 (ಶರೀರಶಾಸ್ತ್ರ ಉಪನ್ಯಾಸಕ, ಧಾರವಾಡ):
ಇದನ್ನು ನಾಲಿಗೆಯ ಚಪಲವೆಂದು ಹಳಿದುಕೊಳ್ಳಬೇಡಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದೇ, 24 ವಾರ ಅರೆಹೊಟ್ಟೆಯಲ್ಲಿಟ್ಟು ಗಮನಿಸಿದರು. ಅವರಿಗೆ ಸಿಗುತ್ತಿದ್ದುದು ದಿನಕ್ಕೆ ಸುಮಾರು 1,570 ಕ್ಯಾಲರಿ. ಗಂಡಸರ ಅಗತ್ಯ ಹೆಚ್ಚೆಂಬುದನ್ನು ಒಪ್ಪಿದರೂ, ನಿಮ್ಮ ಆ್ಯಪ್ ಕೊಡುತ್ತಿದ್ದುದು ಅದಕ್ಕಿಂತಲೂ ಕಡಿಮೆ. ಊಟವೊಂದನ್ನು ಬಿಟ್ಟು ಬೇರೇನೂ ಅವರ ತಲೆಯಲ್ಲಿ ಉಳಿಯಲಿಲ್ಲ. ಕೆಲವರು ಅಡುಗೆ ಪುಸ್ತಕಗಳನ್ನು ಓದುತ್ತ ಕುಳಿತರು, ಪ್ರಯೋಗ ಮುಗಿದ ಮೇಲೂ ಹಲವರಿಗೆ ಎಷ್ಟು ಉಂಡರೂ ತೃಪ್ತಿಯಾಗಲಿಲ್ಲ.

ಉತ್ತರ 2 (ಆಹಾರತಜ್ಞೆ, ಹುಬ್ಬಳ್ಳಿ):
1995ರಲ್ಲಿ ಈ ಪದ್ಧತಿಯನ್ನು ರೂಪಿಸಿದ ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ ಇಬ್ಬರೂ ಆಹಾರತಜ್ಞೆಯರೇ. ಡಯಟ್ ಎಂಬ ಯೋಚನೆಯನ್ನೇ ಬಿಡುವುದು ಮತ್ತು ಹಸಿವನ್ನು ಗೌರವಿಸುವುದು ಅವರ ಹತ್ತು ಸೂತ್ರಗಳಲ್ಲಿ ಮೊದಲಿನವು. ಆದರೆ ಎರಡು ವರ್ಷ ಅದುಮಿಟ್ಟ ಹಸಿವು ಒಂದು ತಿಂಗಳಲ್ಲಿ ಸರಿದಾರಿಗೆ ಬರುವುದಿಲ್ಲವಾದ್ದರಿಂದ, ಸದ್ಯಕ್ಕೆ ಅದು ಕರೆಯಲೆಂದು ಕಾಯದೆ, ಮೂರು ನಾಲ್ಕು ಗಂಟೆಗೊಮ್ಮೆ ಹೊತ್ತಿಗೆ ಸರಿಯಾಗಿ ಉಣ್ಣಿ, ಅನ್ನವನ್ನೂ ಸೇರಿಸಿ. ಹಗಲು ಹೊಟ್ಟೆ ತುಂಬಿದ್ದರೆ ರಾತ್ರಿಯ ಬಿಸ್ಕತ್ತಿನ ಸೆಳೆತ ಸಾಮಾನ್ಯವಾಗಿ ಇಳಿಯುತ್ತದೆ. ಮುಟ್ಟು ತಪ್ಪಿದ್ದರೆ, ಅಥವಾ ತಿಂದದ್ದನ್ನು ವಾಂತಿ ಮಾಡಬೇಕೆನಿಸುತ್ತಿದ್ದರೆ, ಇಲ್ಲಿ ಕೇಳುತ್ತ ಕೂರದೆ ವೈದ್ಯರನ್ನು ಕಾಣಿರಿ.

ಉತ್ತರ 3 (ಗೃಹಿಣಿ, ಶಿವಮೊಗ್ಗ):
ನನ್ನದೊಂದು ತಕರಾರಿದೆ. ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುವವರಿಗೆ ಹೇಳಿದ ಮಾತಿದು. ನಮ್ಮಲ್ಲಿ ‘ಇನ್ನೊಂದು ತುತ್ತು’ ಎಂದು ಒತ್ತಾಯಿಸಿ ಬಡಿಸುವವರೂ ಅವರೇ, ಆಮೇಲೆ ಮೈ ನೋಡಿ ಆಡಿಕೊಳ್ಳುವವರೂ ಅವರೇ. ನನ್ನ ಮಗಳ ವಿಷಯದಲ್ಲಿ ಹೀಗಾದಾಗ ನಾನೇ ನಾದಿನಿಯನ್ನು ಒಳಗೆ ಕರೆದು, ‘ಅವಳ ಓದು ಕೇಳಿ, ತೂಕ ಕೇಳಬೇಡಿ’ ಎಂದೆ. ಒಂದು ವಾರ ಮುನಿಸಿಕೊಂಡರು, ಅಷ್ಟೇ. ನಿಮ್ಮ ಅತ್ತೆಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ ಮಗಳೇ, ಅಮ್ಮನಿಗೆ ಹೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಮೂರು ತಿಂಗಳಿಂದ ಮುಟ್ಟಾಗಿಲ್ಲವೆಂಬುದನ್ನು ಸಂಕೋಚದಿಂದ ಮೊದಲು ಬರೆದಿರಲಿಲ್ಲ. ಸೋಮವಾರ ವೈದ್ಯರಲ್ಲಿಗೆ ಹೋಗುತ್ತೇನೆ. ಸಂಜೆ ನಾಲ್ಕಕ್ಕೆ ಲ್ಯಾಬ್ ಇರುತ್ತದೆ; ಅದಕ್ಕೆ ಮೊದಲು ಕಡಲೆಕಾಯಿ, ಬೆಲ್ಲ, ಒಂದು ಬಾಳೆಹಣ್ಣು ತಿಂದರೆ ಸಾಕಾಗುತ್ತದೆಯೇ?